ಬಾಗಿಲು ಕಾಯುವವಳ ಬೈಗುಳಗಳು

ಮೂವತ್ತು ವರ್ಷಗಳಿಂದ ಒಬ್ಬ ಮನುಷ್ಯ ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದಾನೆ. ತಲೆಯ ಮೇಲೆ ಹಳದಿ ಟೋಪಿ, ಕೈಯಲ್ಲೊಂದು ಕಂದೀಲು, ಜೇಬಿನಲ್ಲಿ ಹನ್ನೊಂದು ಸಾಮಾನು. ಅವನಿಗೆ ಕೂತ್ಕೋ ಅಂದವರಿಲ್ಲ, ಒಳಗೆ ಬಾ ಅಂದವರಿಲ್ಲ. ಕಚೇರಿಗಳಲ್ಲಿ ಜನರನ್ನು ಕಾಯಿಸುವುದರ ವಿರುದ್ಧ ಪ್ರತಿ ಬುಧವಾರ ಪತ್ರಿಕೆಯಲ್ಲಿ ಹಲ್ಲು ಕಡಿಯುವ ಅಂಕಣಕಾರನಾದ ನಾನೇ ಅವನನ್ನು ಮರೆತುಬಿಟ್ಟಿದ್ದೆ. ಅದು ನೆನಪಾದ ದಿನ ನನಗೆ ಊಟ ಸೇರಲಿಲ್ಲ. (ಸೇರಲಿಲ್ಲ ಎಂದರೆ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.)

ಆ ಮನುಷ್ಯ ಒಬ್ಬ ಗಡಿಯಾರ ರಿಪೇರಿಯವನು. ಅವನಿರುವುದು ಕಂಪ್ಯೂಟರಿನೊಳಗೆ. ನನಗೆ ಮೀಸೆ ಮೂಡುವ ಕಾಲದಲ್ಲಿ ಆಡಿದ ಒಂದು ಸಾಹಸದ ಗೇಮಿನ ನಾಯಕ. ಗುಂಡು ಹಾರಿಸುವ, ಓಡುವ, ನೆಗೆಯುವ ಗೇಮ್ ಅಲ್ಲ ಅದು. ಪರದೆಯ ಕೆಳಗೆ ಒಂಬತ್ತು ಪದಗಳು ಸಾಲಾಗಿ ಕೂತಿರುತ್ತವೆ: ನೋಡು, ತೆಗೆ, ಮುಚ್ಚು, ತಳ್ಳು, ಎಳೆ, ಎತ್ತಿಕೋ, ಕೊಡು, ಬಳಸು, ಮಾತಾಡು. ಮೊದಲು ಪದ ಒತ್ತಬೇಕು, ಆಮೇಲೆ ವಸ್ತು ಒತ್ತಬೇಕು, ಆಮೇಲೆ ಏನಾಗುತ್ತದೋ ಎಂದು ಕಾಯಬೇಕು. ಇಂಥ ಗೇಮಿನ ಎರಡು ಭಾಗ ಬಂದವು. ಎರಡನೆಯದರ ಕೊನೆಯಲ್ಲಿ ನಮ್ಮ ನಾಯಕ ದ್ವೀಪದ ತುದಿಯಲ್ಲಿರುವ ಸುಂಕದ ಮನೆಯ ಬಾಗಿಲು ತಟ್ಟುತ್ತಾನೆ. ಮುಂದಿನದು ಮೂರನೇ ಭಾಗದಲ್ಲಿ ಎಂಬ ಅಕ್ಷರ ಮೂಡುತ್ತದೆ. ಮಾರನೇ ವರ್ಷ ಕಂಪನಿಯೇ ಬಾಗಿಲು ಹಾಕಿತು. ಇವನ ಬಾಗಿಲು ತೆರೆಯಲೇ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ, ತಿಂಡಿಯ ತಟ್ಟೆ ಎತ್ತುವ ಮೊದಲೇ, ನಾನು ಮನೆಯ ಮಹಾಸಭೆಯ ಮುಂದೆ ಘೋಷಿಸಿದೆ: ಮೂರನೇ ಭಾಗವನ್ನು ನಾನೇ ಮಾಡುತ್ತೇನೆ. ಅದೇ ಹಳೆಯ ಕಾಲದ ರೀತಿಯಲ್ಲಿ, ಅದೇ ದಪ್ಪ ದಪ್ಪ ಚುಕ್ಕಿಗಳಲ್ಲಿ, ಅದೇ ಹದಿನಾರು ಬಣ್ಣಗಳಲ್ಲಿ. ಮಹಾಸಭೆ ಎಂದರೆ ಇಬ್ಬರು. ಒಬ್ಬರು ನನ್ನ ಅತ್ತೆ. ಮೂವತ್ತೊಂದು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾಗಿ ನಮ್ಮ ಜೊತೆಗಿರುವವರು. ಇನ್ನೊಬ್ಬಳು ಅವರ ಮಗಳು, ಅಂದರೆ ನನ್ನ ಹೆಂಡತಿ. ಇವಳು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದುಕೊಂಡು ಅಂಗಡಿ ಅಂಗಡಿ ಸುತ್ತಿ, ತಕ್ಕಡಿ ಸರಿಯಿದ್ದರೆ ಮುದ್ರೆ ಒತ್ತುತ್ತಾಳೆ, ಸರಿಯಿಲ್ಲದಿದ್ದರೆ ಸೀಲ್ ಹಾಕುತ್ತಾಳೆ. ಅಂಗಡಿಯ ತಕ್ಕಡಿ ಬಿಟ್ಟು, ಲಾರಿಗಳನ್ನೇ ನಿಲ್ಲಿಸಿ ತೂಗುವ ದೊಡ್ಡ ವೇಬ್ರಿಜ್ಜುಗಳ ತಪಾಸಣೆಗೆ ಹೋಗಬೇಕೆಂಬುದು ಅವಳ ಆರು ವರ್ಷದ ಆಸೆ. ಅದಕ್ಕೆ ಬೇರೆ ಊರಿನಲ್ಲಿ ಎರಡು ತಿಂಗಳ ತರಬೇತಿ ಆಗಬೇಕು. ಸರದಿ ಬರಬೇಕು.

ನನ್ನ ಘೋಷಣೆ ಕೇಳಿ ಅವಳು ಕೇಳಿದ್ದು ಇಷ್ಟೇ.

"ಎಷ್ಟು ದಿನ ಹಿಡಿಯುತ್ತೆ?"

"ಆರು ತಿಂಗಳು."

"ನಿಮ್ಮ ಆರು ತಿಂಗಳು ಅಂದ್ರೆ ಎಷ್ಟು?"

ಇಂಥವಳ ಜೊತೆ ಹತ್ತೊಂಬತ್ತು ವರ್ಷ ಬಾಳಿದ್ದೇನೆ.

ಆದರೆ ನಾನು ಕಂಡವರ ನಾಯಕನನ್ನು ಹೇಳದೆ ಕೇಳದೆ ಎತ್ತಿಕೊಂಡು ಬರುವ ಪೈಕಿಯವನಲ್ಲ. ಹಿಂದೊಮ್ಮೆ ಬೇರೊಂದು ಪತ್ರಿಕೆ ನನ್ನ ಅಂಕಣದ ಮೂರು ಪ್ಯಾರಾ ಎತ್ತಿ ತನ್ನದೆಂದು ಹಾಕಿಕೊಂಡಾಗ ಮೂರು ಬುಧವಾರ, ಪ್ಯಾರಾಕ್ಕೊಂದರಂತೆ, ಉಗಿದವನು. ಆದ್ದರಿಂದ ಆ ಗೇಮ್ ಕಟ್ಟಿದವರಲ್ಲಿ ಈಗ ಉಳಿದಿರುವ ಒಬ್ಬ ಹೆಂಗಸನ್ನು ಪತ್ತೆ ಹಚ್ಚಿದೆ. ಅವರೀಗ ಸಮುದ್ರದಾಚೆಯ ಒಂದು ಊರಿನಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾರಂತೆ. ನಾಲ್ಕು ಪುಟದ ಪತ್ರ ಬರೆದೆ. ಟೋಪಿಗೆ ಬೇರೆಯಾಗಿ, ಕಂದೀಲಿಗೆ ಬೇರೆಯಾಗಿ ಅನುಮತಿ ಕೇಳಿದೆ. ಉತ್ತರ ನಾಲ್ಕು ಸಾಲು. ಮಾಡಿ, ಮಾರಬೇಡಿ, ನನ್ನದನ್ನು ಕೇಳಿ ತೆಗೆದುಕೊಂಡ ಹಾಗೆ ಅದರಲ್ಲಿ ಹಾಕುವ ಪ್ರತಿಯೊಂದನ್ನೂ ಕೇಳಿಯೇ ತೆಗೆದುಕೊಳ್ಳಿ, ಹಾಗೆಂದು ಮೊದಲ ಪರದೆಯಲ್ಲಿ ಬರೆದು ನಿಮ್ಮ ಹೆಸರು ಹಾಕಿ.

ನಾನು ಮಾಡಿದ ಮೊಟ್ಟಮೊದಲ ಪರದೆಯೇ ಅದು. "ಇದರಲ್ಲಿರುವ ಯಾವುದನ್ನೂ ಕೇಳದೆ ತೆಗೆದುಕೊಂಡಿಲ್ಲ" ಎಂದು ಬರೆದು ಕೆಳಗೆ ನನ್ನ ಹೆಸರನ್ನು ಸ್ವಲ್ಪ ದೊಡ್ಡದಾಗಿಯೇ ಹಾಕಿದೆ. ಬರೆದ ಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಎರಡು ಸಲ ಓದಿದೆ.

ಇನ್ನು ಗೇಮ್ ಮಾಡುವ ಕಷ್ಟ. ನಾನು ಯಾವ ಕಾಲೇಜಿನಲ್ಲೂ ಏನನ್ನೂ ಕಲಿತವನಲ್ಲ. ಪ್ರೋಗ್ರಾಂ ಬರೆಯುವುದನ್ನು ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ, ಮೊದಲ ನಲವತ್ತು ಪುಟವಿಲ್ಲದ ಒಂದು ಪುಸ್ತಕದಿಂದ ಕಲಿತೆ. ಹಾಗಾಗಿ ಮುಗಿಸುವುದು ಹೇಗೆಂದು ಗೊತ್ತಿತ್ತು, ಶುರು ಮಾಡುವುದು ಗೊತ್ತಿರಲಿಲ್ಲ. ಚಿತ್ರ ಬರೆಯುವುದು ಅದಕ್ಕಿಂತ ಘೋರ. ಒಂದೊಂದೇ ಚುಕ್ಕಿ ಇಡಬೇಕು. ಎರಡು ವಾರ ಕೂತು ಬರೆದ ಛತ್ರಿಯನ್ನು ನೋಡಿ ಅತ್ತೆ, ಕೋಳಿ ಮುದ್ದಾಗಿದೆ ಅಂದರು. ನಾಯಕ ನಡೆಯುವಾಗ ಮೊಣಕಾಲು ಎಲ್ಲಿ ಮಡಚುತ್ತದೆಂದು ನೋಡಲು, ಡ್ಯೂಟಿ ಮುಗಿಸಿ ಬಟ್ಟಿನ ಪೆಟ್ಟಿಗೆ ಹೊತ್ತು ಬಂದ ಹೆಂಡತಿಯನ್ನು ಹಜಾರದ ಈ ತುದಿಯಿಂದ ಆ ತುದಿಗೆ ಎಂಟು ಸಲ ನಡೆಸಿದೆ. ಪಾಪ, ನಡೆದಳು. ಮೊದಲ ಎರಡು ಸಲ ನಾಚಿಕೊಂಡೂ ನಡೆದಳು. ನಾನು ಕೈಯಲ್ಲಿ ಪೆನ್ಸಿಲ್ ಹಿಡಿದದ್ದು ಮೂರನೇ ಸಲಕ್ಕೆ ಕಂಡಿತು.

ಜಗತ್ತಿನಲ್ಲಿ ಈ ಹಳೇ ಗೇಮನ್ನು ಇನ್ನೂ ಪ್ರೀತಿಸುವ ನಾನೂರು ಜನರ ಒಂದು ಬಳಗ ಇಂಟರ್ನೆಟ್ಟಿನಲ್ಲಿದೆ. ಎರಡನೇ ಭಾಗ ಬಂದು ಮೂವತ್ತು ವರ್ಷ ತುಂಬುವ ದಿನವೇ ಮೂರನೆಯದನ್ನು ಕೊಡುತ್ತೇನೆಂದು ಅವರಿಗೆ ಮಾತು ಕೊಟ್ಟೆ. ಹದಿನಾಲ್ಕು ತಿಂಗಳಾದ ಮೇಲೆ (ಹೌದು, ಆರು ತಿಂಗಳು ಅಂದರೆ ಹದಿನಾಲ್ಕು, ಈಗ ಎಲ್ಲರಿಗೂ ಗೊತ್ತಾಯಿತಲ್ಲ) ಅರ್ಧ ಗೇಮನ್ನು ಪರೀಕ್ಷೆಗೆಂದು ಕಳಿಸಿದೆ. ಚಿತ್ರಗಳನ್ನು ಕ್ಷಮಿಸಿದರು. ಕ್ಷಮಿಸದೇ ಇದ್ದದ್ದು ಸುಂಕದ ಮನೆಯ ಬಾಗಿಲು ಕಾಯುವ ಅಧಿಕಾರಿಣಿಯನ್ನು. ಇಡೀ ಮೂರನೇ ಭಾಗ ನಿಂತಿರುವುದು ಅವಳ ಮೇಲೆ. ನಾಯಕ ಏನು ಕೊಟ್ಟರೂ, ಎಲ್ಲಿ ತಳ್ಳಿದರೂ, ಏನು ಕೇಳಿದರೂ ಅವಳು ಮಾತಿನಿಂದಲೇ ಹಿಂದಕ್ಕಟ್ಟಬೇಕು. ಲೆಕ್ಕ ಹಾಕಿದರೆ ಅರವತ್ತು ಮಾತು. ನಾನು ಬರೆದ ಅರವತ್ತೂ "ಈ ವ್ಯವಸ್ಥೆ ಎಂದೋ ಕುಸಿದುಬಿದ್ದಿದೆ" ಎಂಬ ಧಾಟಿಯವು. ಬಾಗಿಲು ಕಾಯುವವಳು ಸಂಪಾದಕೀಯ ಓದುತ್ತಿದ್ದಾಳೆ ಎಂದು ಒಬ್ಬ ಬರೆದ. ನಿದ್ದೆ ಬಂತು ಎಂದು ಹದಿನೇಳು ಜನ ಬರೆದರು.

ನಾನು ಕೋಪದಿಂದ ಕನ್ನಡಕ ತೆಗೆದು ಎಲ್ಲೋ ಇಟ್ಟೆ. ಆಮೇಲೆ ಅದು ಸಿಗಲಿಲ್ಲ. ಕನ್ನಡಕ ಎಲ್ಲಿ, ಕನ್ನಡಕ ಎಲ್ಲಿ ಎಂದು ಮನೆಯ ಮೂರು ಕೋಣೆಯಲ್ಲೂ ಕೂಗುತ್ತಾ ತಿರುಗಿದೆ. ಹೆಂಡತಿ ಬಟ್ಟೆ ಮಡಚುತ್ತಾ, ತಲೆ ಎತ್ತದೆ ಹೇಳಿದಳು.

"ಕಣ್ಣಿಂದ ಹುಡುಕಿ. ಬಾಯಿಂದ ಹುಡುಕಿದ್ರೆ ಏನೂ ಸಿಗಲ್ಲ."

ನಾನು ನಿಂತಲ್ಲೇ ನಿಂತುಬಿಟ್ಟೆ. ಹದಿನಾಲ್ಕು ತಿಂಗಳಿನಿಂದ ನಾನು ಹುಡುಕುತ್ತಿದ್ದದ್ದು ಕನ್ನಡಕವಲ್ಲ, ಈ ಮಾತು. ಓಡಿ ಹೋಗಿ ಅಧಿಕಾರಿಣಿಯ ಬಾಯಿಗೆ ತುರುಕಿದೆ. ಬೀಗದ ಕೈ ಎಲ್ಲಿದೆ ಎಂದು ನಾಯಕ ಕೇಳಿದರೆ ಇದೇ ಉತ್ತರ. ಮಾರನೇ ದಿನ ಬಳಗದಲ್ಲಿ ಗದ್ದಲವೇ ಗದ್ದಲ. ಇವಳು ಯಾರು, ಇಂಥವು ಇನ್ನೆಷ್ಟಿವೆ, ಎಲ್ಲವನ್ನೂ ಇವಳ ಕೈಲೇ ಆಡಿಸಿ ಎಂದು ನನ್ನ ಬೆನ್ನು ತಟ್ಟಿದರು. ನಾನು ವಿನಯದಿಂದ, ಸಂಭಾಷಣೆ ನನಗೆ ಸ್ವಲ್ಪ ಒಲಿದಿದೆ ಎಂದು ಉತ್ತರಿಸಿದೆ.

ಅಲ್ಲಿಂದ ನನ್ನ ಕೃಷಿ ಶುರುವಾಯಿತು. ಕೃಷಿ ಎನ್ನದೆ ಬೇರೆ ದಾರಿಯಿಲ್ಲ, ಏಕೆಂದರೆ ನನ್ನ ಹೆಂಡತಿ ಸ್ವಭಾವತಃ ಶಾಂತಳು. ಅವಳ ಪಾಡಿಗೆ ಬಿಟ್ಟರೆ ವಾರಕ್ಕೆ ಎರಡು ಬೈಗುಳ, ಹಬ್ಬವಿದ್ದರೆ ಮೂರು. ನನಗೆ ಬೇಕಾದದ್ದು ಐವತ್ತೊಂಬತ್ತು. ಸೋಮವಾರ ಒದ್ದೆ ಟವಲನ್ನು ಹಾಸಿಗೆಯ ಮೇಲೆ ಹಾಕಿದೆ. "ಯಾಕೆ, ಟವಲ್ಲಿಗೆ ಮೈ ಸರಿ ಇಲ್ವಾ, ಮಲಗಿಸಿದ್ದೀರಲ್ಲ?" ಸಿಕ್ಕಿತು. ಬುಧವಾರ ಫ್ರಿಜ್ಜಿನ ಬಾಗಿಲು ತೆರೆದಿಟ್ಟೆ. ಫ್ರಿಜ್ಜಿಗೂ ಊರಿಗೂ ಒಂದೇ ಹವೆ ಮಾಡೋ ಯೋಚನೆಯಾ ಎಂದಳು, ಅದೂ ಸಿಕ್ಕಿತು. ನಲ್ಲಿ ಯಾಕೆ ಸೋರುತ್ತದೆ ಎಂದು ಅವಳು ಕೇಳಿದಾಗ ಹತ್ತು ನಿಮಿಷ ವಿವರಿಸಿದ್ದಕ್ಕೆ, ಗೊತ್ತಿಲ್ಲ ಅನ್ನೋಕೆ ಇಷ್ಟುದ್ದ ಮಾತು ಬೇಕಾ ಎಂದಳು. ಬಾತ್‌ರೂಮಿಗೆ ಓಡಿ ಅದನ್ನು ಬರೆದುಕೊಂಡೆ. ಎಲ್ಲಕ್ಕಿಂತ ದೊಡ್ಡ ಫಸಲು ಒಂದು ಶುಕ್ರವಾರದ್ದು. ಅವಳು ಏನೂ ಹೇಳದೆ ಇದ್ದಾಗ, ಒಪ್ಪಿದೆ ತಾನೆ ಎಂದೆ. "ಸುಮ್ನೆ ಇದ್ದೀನಿ ಅಂದ್ರೆ ಒಪ್ಪಿದ್ದೀನಿ ಅಂತಲ್ಲ. ಎಣಿಸ್ತಾ ಇದ್ದೀನಿ ಅಂತ."

ಬಾತ್‌ರೂಮಿನಲ್ಲಿ ಒಂದು ನೋಟುಬುಕ್ಕು, ಚಪ್ಪಲಿ ಗೂಡಿನ ಹಿಂದೆ ಒಂದು ನೋಟುಬುಕ್ಕು.

ತೊಂದರೆ ಏನೆಂದರೆ ಒಂದೇ ತಪ್ಪು ಎರಡನೇ ಸಲ ಮಾಡಿದರೆ ಹೊಸ ಮಾತು ಹುಟ್ಟುವುದಿಲ್ಲ. ಬರೀ ನಿಟ್ಟುಸಿರು. ನಿಟ್ಟುಸಿರನ್ನು ಹದಿನಾರು ಬಣ್ಣದಲ್ಲಿ ತೋರಿಸಲಾಗುವುದಿಲ್ಲ. ಆದ್ದರಿಂದ ದಿನದಿನಕ್ಕೂ ನೂತನ ಅಪರಾಧಗಳನ್ನು ಆವಿಷ್ಕರಿಸಬೇಕಾಯಿತು. ಬೀಗದ ಕೈಯನ್ನು ಅಕ್ಕಿ ಡಬ್ಬಿಯಲ್ಲಿಟ್ಟೆ. ಉಪ್ಪಿನ ಜಾಡಿಗೆ ಸಕ್ಕರೆ ಸುರಿದೆ. ಇವತ್ತು ಯಾವ ವಾರ ಎಂದು ಒಂದೇ ಬೆಳಿಗ್ಗೆ ಮೂರು ಸಲ ಕೇಳಿದೆ. ಟಿವಿ ರಿಮೋಟನ್ನು ಫ್ರಿಜ್ಜಿನಲ್ಲಿಟ್ಟೆ.

ರಿಮೋಟಿಗೆ ಒಂದು ಮಾತೂ ಹುಟ್ಟಲಿಲ್ಲ. ಅವಳು ಅದನ್ನು ತೆಗೆದು, ನನ್ನ ಮುಖ ನೋಡಿದಳು. ಸೆರಗಿನಿಂದ ತೇವ ಒರೆಸಿ ಇದ್ದ ಜಾಗದಲ್ಲಿಟ್ಟಳು. ಒಂದು ಇಡೀ ರಿಮೋಟು ದಂಡವಾಯಿತಲ್ಲ ಎಂದು ನನಗೆ ಕೆಟ್ಟ ಸಿಟ್ಟು ಬಂತು.

ಅಲ್ಲಿಂದ ಬೆಳೆ ಒಣಗಿತು. ಏನು ಮಾಡಿದರೂ "ಪರವಾಗಿಲ್ಲ ಬಿಡಿ" ಎನ್ನುತ್ತಿದ್ದಳು. ಹಾಲು ಉಕ್ಕಿಸಿದೆ, ಪರವಾಗಿಲ್ಲ ಬಿಡಿ. ಅವಳ ಛತ್ರಿಯನ್ನು ಬಸ್ಸಿನಲ್ಲಿ ಬಿಟ್ಟು ಬಂದೆ. ಕೂತ್ಕೊಳ್ಳಿ, ನೀರು ತರ್ತೀನಿ. ಬೈಯುವ ಹೆಂಡತಿಯನ್ನು ಸಹಿಸಿಕೊಳ್ಳುವ ಗಂಡಂದಿರ ಬಗ್ಗೆ ಲೋಕ ಮರುಗುತ್ತದೆ. ಬೈಗುಳಕ್ಕಾಗಿ ಬಾಯಿಬಿಟ್ಟುಕೊಂಡು ಕಾದಿರುವ ಗಂಡನ ಮೇಲೆ ಈ ಪರಿಯ ಕರುಣೆ ಸುರಿದರೆ ಅವನು ಯಾರ ಹತ್ತಿರ ಹೇಳಿಕೊಳ್ಳಬೇಕು? ಜೊತೆಗೆ ಅತ್ತೆಯದೊಂದು. ಅಡುಗೆಮನೆಯ ಜಾಡಿಗಳಿಗೆಲ್ಲ ಉಪ್ಪು, ಸಕ್ಕರೆ, ಸೋಪಿನ ಪುಡಿ ಎಂದು ದಪ್ಪ ಅಕ್ಷರದ ಚೀಟಿ ಅಂಟಿಸಿದರು. ಬೆಳಿಗ್ಗೆ ಎದ್ದರೆ ಸಾಕು, ಅಳಿಯಂದಿರೇ, ಇವತ್ತು ಯಾವ ವಾರ, ನಿನ್ನೆ ಏನು ಊಟ ಮಾಡಿದ್ವಿ ಎಂದು ಕೇಳುತ್ತಿದ್ದರು. ವಯಸ್ಸಾಯಿತು, ಮರೆವು ಹತ್ತಿದೆ ಎಂದು ಮರುಗಿದೆ. ದಿನವೂ ತಾಳ್ಮೆಯಿಂದ, ಸ್ವಲ್ಪ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದೆ. ಮರೆವಿನ ಹಿರಿಯರನ್ನು ನಾವು ಹೇಗೆ ನಡೆಸಿಕೊಳ್ಳಬೇಕೆಂದು ಆ ಬುಧವಾರ ಒಂದು ಅಂಕಣವನ್ನೂ ಬರೆದೆ. ಓದುಗರಿಂದ ಹದಿನಾಲ್ಕು ಪತ್ರ ಬಂದವು.

ಬಿಡುಗಡೆಗೆ ಹತ್ತು ದಿನ ಉಳಿದಿತ್ತು. ಅರವತ್ತರಲ್ಲಿ ನಲವತ್ತಮೂರು ಮಾತು ಕೈಯಲ್ಲಿತ್ತು. ಎಂದೂ ಗೇಮ್ ಆಡದವರ ಕೈಯಲ್ಲಿ ಒಮ್ಮೆ ಆಡಿಸಿ ನೋಡಬೇಕೆಂದು ಬಲ್ಲವರು ಹೇಳುತ್ತಾರೆ. ಶನಿವಾರ ಬೆಳಿಗ್ಗೆ ಹೆಂಡತಿ ತರಕಾರಿ ಮಾರುಕಟ್ಟೆಯ ತಕ್ಕಡಿಗಳ ಮೇಲೆ ದಾಳಿಗೆ ಹೋಗಿದ್ದಾಗ ಅತ್ತೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆ. ಮೆದುಳಿಗೂ ಒಳ್ಳೆಯದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅತ್ತೆ ಚೆನ್ನಾಗಿಯೇ ಆಡಿದರು. ನಾಯಕ ಕಂಡವರ ಮನೆಯ ಡ್ರಾಯರ್ ತೆಗೆದು ಕತ್ತರಿ ಜೇಬಿಗಿಳಿಸಿದಾಗ ಮಾತ್ರ, ಕೇಳದೇ ತಗೋತಾನಲ್ಲ, ಯಾರ ಮನೆ ಹುಡುಗ ಇವನು ಎಂದು ತಕರಾರು ತೆಗೆದರು. ಇಂಥ ಗೇಮುಗಳಲ್ಲಿ ಅದೇ ರೂಢಿ ಎಂದು ಸಮಾಧಾನ ಹೇಳಿದೆ. ಹಾಗೆ ಹೀಗೆ ಸುಂಕದ ಮನೆಗೆ ಬಂದರು. ಅಧಿಕಾರಿಣಿಯ ಮೇಲೆ ಒತ್ತಿದರು. ಓದಿದರು. ಇನ್ನೊಮ್ಮೆ ಒತ್ತಿದರು. ಮೌಸಿನ ಮೇಲಿದ್ದ ಕೈ ನಿಂತಿತು.

"ಈ ಟವಲ್ ಮಾತು ಹೋದ ತಿಂಗಳು ಎರಡನೇ ಸೋಮವಾರದ್ದು. ಫ್ರಿಜ್ಜಿನದು ಅದೇ ವಾರ, ಬುಧವಾರ ಸಾಯಂಕಾಲ."

ನನಗೆ ಆಶ್ಚರ್ಯವಾಯಿತು. ಇಷ್ಟು ನೆನಪಿರುವವರಿಗೆ ಇವತ್ತು ಯಾವ ವಾರ ಎಂಬುದು ಹೇಗೆ ಮರೆಯುತ್ತದೆ?

"ಹಂಗಾದ್ರೆ ಆ ರಿಮೋಟು ಬೇಕಂತ್ಲೇ ಇಟ್ಟಿದ್ದಾ, ಅಳಿಯಂದಿರೇ?"

"ಹೌದು ಅತ್ತೆ," ಎಂದೆ, ಕಸುಬಿನ ಗುಟ್ಟು ಬಿಟ್ಟುಕೊಡುವ ಹೆಮ್ಮೆಯಿಂದ. "ಆದ್ರೆ ಅದಕ್ಕೆ ಒಂದು ಮಾತೂ ಸಿಗಲಿಲ್ಲ ನೋಡಿ."

ಅತ್ತೆ ಮೌಸನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ಮೂವತ್ತೊಂದು ವರ್ಷ ಈ ಕಿವಿಯಲ್ಲಿ ಊರಿನ ಜಗಳ, ಪ್ರೀತಿ, ಸಾವು ಎಲ್ಲ ಕೇಳಿಸಿಕೊಂಡಿದ್ದೇನೆ, ಒಂದು ಮಾತನ್ನೂ ಹೊರಗೆ ಬಿಟ್ಟವಳಲ್ಲ ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬರೆದುಕೊಳ್ಳುವ ಧೈರ್ಯ ನನಗಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಮಧ್ಯಾಹ್ನ ಹೆಂಡತಿ ಬಟ್ಟಿನ ಪೆಟ್ಟಿಗೆ ಕೆಳಗಿಟ್ಟ ಕೂಡಲೇ ಅತ್ತೆ ಅಂದರು, "ಕೈಕಾಲು ತೊಳ್ಕೊಂಡು ಬಾ. ಇದನ್ನೊಂದ್ಸಲ ಆಡು."

ಅವಳು ಆಡಲಿಲ್ಲ, ತಪಾಸಣೆ ಮಾಡಿದಳು. ಅಧಿಕಾರಿಣಿಯನ್ನು ನೋಡಿದಳು, ತಳ್ಳಿದಳು, ಎಳೆದಳು, ಹನ್ನೊಂದು ಸಾಮಾನನ್ನೂ ಒಂದೊಂದಾಗಿ ಕೊಟ್ಟಳು. ಒಂದೂಕಾಲು ಗಂಟೆ. ನಾನು ಕುರ್ಚಿಯ ಹಿಂದೆ, ತಕ್ಕಡಿ ಸಿಕ್ಕಿಬಿದ್ದ ಅಂಗಡಿಯವನ ಹಾಗೆ, ಕೈ ಕಟ್ಟಿ ನಿಂತಿದ್ದೆ. ನಲವತ್ತಮೂರೂ ಮುಗಿದ ಮೇಲೆ ಅವಳು ಪರದೆಯನ್ನೇ ನೋಡುತ್ತಾ ಕೇಳಿದಳು.

"ನಾನು ಇಷ್ಟು ಚೆನ್ನಾಗಿ ಮಾತಾಡ್ತೀನಾ?"

"ಇನ್ನೂ ಚೆನ್ನಾಗಿ," ಎಂದೆ, ಆಸೆಯಿಂದ.

"ಅಕ್ಕಿ ಡಬ್ಬಿಯಲ್ಲಿ ಬೀಗದ ಕೈ?"

"ಬೇಕಂತ."

"ರಿಮೋಟು?"

"ಬೇಕಂತ."

"ಯಾವ ವಾರ ಅಂತ ಮೂರು ಸಲ ಕೇಳಿದ್ದು?"

"ಎರಡು ಸಲ ಬೇಕಂತ."

ಅವಳು ತಿರುಗಿದಳು. "ಮೂರನೇದು?"

"ಅದು ನಿಜವಾಗ್ಲೂ ಮರೆತಿದ್ದೆ."

ಆಮೇಲೆ ಅವಳು ಹೇಳಿದ್ದನ್ನು ನಾನು ಯಾವ ನೋಟುಬುಕ್ಕಿನಲ್ಲೂ ಬರೆದುಕೊಂಡಿಲ್ಲ. ನನಗೆ ತಲೆಯಲ್ಲಿ ಏನೋ ಆಗುತ್ತಿದೆ ಎಂದು ಅವಳು ಒಬ್ಬಳೇ ಡಾಕ್ಟರ ಹತ್ತಿರ ಹೋಗಿ, ನನ್ನ ಅಪರಾಧಗಳ ಪಟ್ಟಿ ಓದಿ ಬಂದಿದ್ದಳಂತೆ. ಬೈಯಬೇಡಿ, ಸಮಾಧಾನವಾಗಿ ನಡೆಸಿಕೊಳ್ಳಿ, ಚೀಟಿ ಅಂಟಿಸಿ, ದಿನಾ ವಾರ ಕೇಳಿ ಎಂದು ಅವರು ಹೇಳಿದ್ದರಂತೆ. ಮುಂದಿನ ಗುರುವಾರ ನನ್ನನ್ನು ಕರೆದುಕೊಂಡು ಹೋಗಲು ಸಮಯ ಗೊತ್ತು ಮಾಡಿದ್ದಳಂತೆ. ವೇಬ್ರಿಜ್ ತರಬೇತಿಯ ಸರದಿ ಈ ಸಲ ಅವಳಿಗೇ ಬಂದಿತ್ತು. ಇಂಥ ಗಂಡನನ್ನು ಎರಡು ತಿಂಗಳು ಬಿಟ್ಟು ಹೋಗುವುದು ಹೇಗೆ? ಬರಲಾಗುವುದಿಲ್ಲ ಎಂದು ಬರೆದ ಕಾಗದ ಅವಳ ಕೈಚೀಲದಲ್ಲೇ ಇತ್ತು. ಸೋಮವಾರ ಕೊಡುವವಳಿದ್ದಳು. ಅದನ್ನು ತೆಗೆದು ಮೇಜಿನ ಮೇಲಿಟ್ಟಳು. ನೀಟಾದ ಅಕ್ಷರ. "ಮನೆಯ ಕಾರಣಗಳಿಂದ" ಎಂದಿತ್ತು. ಮನೆಯ ಕಾರಣ ಎಂದರೆ ನಾನು, ನನ್ನ ಕಾರಣ ಎಂದರೆ ಇನ್ನೂ ಸಿಗದ ಹದಿನೇಳು ಮಾತು.

ಹೀಗೊಬ್ಬ ಮಂತ್ರಿ ಮಾಡಿದ್ದರೆ ನಾಲ್ಕು ಬುಧವಾರ ಬಿಡುತ್ತಿರಲಿಲ್ಲ ನಾನು.

ಅವಳು ಗೇಮಿನ ಮೊದಲ ಪರದೆಗೆ ಹೋದಳು. "ಇದರಲ್ಲಿರುವ ಯಾವುದನ್ನೂ ಕೇಳದೆ ತೆಗೆದುಕೊಂಡಿಲ್ಲ" ಎಂದು ಗಟ್ಟಿಯಾಗಿ ಓದಿದಳು. ಕೆಳಗಿದ್ದ ನನ್ನ ಹೆಸರನ್ನೂ ಓದಿದಳು; ಅದು ಅಷ್ಟು ದೊಡ್ಡದಾಗಿ ಇರಬಾರದಿತ್ತು.

"ಸಮುದ್ರದಾಚೆ ಇರೋರಿಗೆ ಟೋಪಿಗೊಂದು ಕಂದೀಲಿಗೊಂದು ಅಂತ ಕಾಗದ ಬರೆದ್ರಿ. ನಾನು ಎಂಟು ಹೆಜ್ಜೆ ದೂರದಲ್ಲಿ ಇದ್ದೆ. ಅಂಗಡಿಯವರಾಗಿದ್ರೆ ಈ ಹೊತ್ತಿಗೆ ಸೀಲ್ ಹಾಕಿರ್ತಿದ್ದೆ."

ಇಲ್ಲಿ ನಾನು ತಲೆ ತಗ್ಗಿಸಿ ಸುಮ್ಮನಿದ್ದಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಅಂಕಣಕಾರನ ನಾಲಿಗೆ ಕೇಳಬೇಕಲ್ಲ. ಮನೆಯೊಳಗೆ ಗಂಡ ಹೆಂಡತಿ ಆಡಿದ ಮಾತು ಇಬ್ಬರದೂ ಅಲ್ಲವೇ, ಅದರಲ್ಲಿ ನನಗೂ ಅರ್ಧ ಪಾಲಿಲ್ಲವೇ ಎಂದು ವಾದ ಹೂಡಿದೆ.

"ಇದೆ," ಎಂದಳು. "ಹಂಗಾದ್ರೆ ನಿಮ್ಮ ಅರ್ಧ ಎಲ್ಲಿ? ಇವಳು ಇಷ್ಟೊಂದು ಮಾತಾಡಿದ್ದು ಗಾಳಿ ಜೊತೆಗಾ? ಎದುರಿಗೆ ಒಬ್ಬ ಇದ್ನಲ್ಲ, ಅವನು ಯಾಕೆ ಇದ್ರಲ್ಲಿಲ್ಲ?"

ಆ ನಲವತ್ತಮೂರನ್ನೂ ಅಳಿಸಿಬಿಡುತ್ತೇನೆ ಎಂದೆ. ಬೇಡ ಎಂದಳು. ಕೊಡುತ್ತೇನೆ, ಉಳಿದ ಹದಿನೇಳನ್ನೂ ನಾನೇ ಬರೆದು ಕೊಡುತ್ತೇನೆ, ನನ್ನ ಹೆಸರು ನಿಮ್ಮ ಹೆಸರಿನಷ್ಟೇ ದೊಡ್ಡದಾಗಿ ಬರಲಿ. ಆದರೆ ಅಧಿಕಾರಿಣಿಯ ಪಕ್ಕದಲ್ಲೇ, ಸುಂಕದ ಮನೆಯೊಳಗೆ, ನೀವೂ ಇರಬೇಕು, ನಿಮ್ಮ ಮಾತುಗಳನ್ನು ನಾನು ಕೊಡುತ್ತೇನೆ, ಇದ್ದದ್ದು ಇದ್ದ ಹಾಗೆ, ಒಂದಕ್ಷರ ಮುಟ್ಟಕೂಡದು ಎಂದು ಷರತ್ತು ಹಾಕಿದಳು. ಟೋಪಿ, ಕಂದೀಲಿಗೆಂದು ಬರೆದ ನನ್ನ ನಾಲ್ಕು ಪುಟದ ಕಾಗದವನ್ನು ನೆನೆದು ಒಪ್ಪಿದೆ. ಅವಳು ತನ್ನ ಕಾಗದವನ್ನು ಹರಿದು ಕಸದ ಬುಟ್ಟಿಗೆ ಹಾಕಿದಳು. ಅಡುಗೆಮನೆಯಲ್ಲಿ ತಾಯಿ ಮಗಳು ಕೂತು ಬರೆದರು. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಅಲ್ಲಿಂದ ಕೇಳಿಬಂದಷ್ಟು ನಗು ನನ್ನ ಇಡೀ ಗೇಮಿನಲ್ಲಿಲ್ಲ.

ನನ್ನ ಮಾತುಗಳ ಚೀಟಿ ಬಂತು. ಮಾತಾಡು ಎಂದು ಒತ್ತಿದರೆ: "ಇದೊಂದು ಮುಗಿಸಿ ಬಂದೆ." ತಳ್ಳಿದರೆ: "ಬಂದೆ ಅಂದ್ನಲ್ಲ." ಏನನ್ನಾದರೂ ಕೊಟ್ಟರೆ: "ಅಲ್ಲಿಡು." ಎಳೆದರೆ: "ನಾನೇನು ಸುಮ್ನೆ ಕೂತಿದ್ದೀನಾ?" ಏನು ಎಲ್ಲಿದೆ ಎಂದು ಕೇಳಿದರೆ: "ನನ್ನ ಕೇಳಿದ್ರೆ?"

ಹತ್ತೊಂಬತ್ತು ವರ್ಷಕ್ಕೆ ಐದೇನಾ ಎಂದು ನಿಜವಾಗಿಯೂ ನೊಂದು ಕೇಳಿದೆ.

"ಅಮ್ಮನ್ನೂ ಕೇಳಿದೆ," ಎಂದಳು. "ಐದೇ."

ನನ್ನನ್ನು ನಾನೇ ಚುಕ್ಕಿ ಚುಕ್ಕಿಯಾಗಿ ಬರೆಯಬೇಕಾಯಿತು. ಕುರ್ಚಿಯಲ್ಲಿ, ಬೆನ್ನು ಮಾಡಿ. ಅವಳು ಪಕ್ಕದಲ್ಲೇ ನಿಂತು ಅಳತೆ ನೋಡಿದಳು. ತಲೆಯ ಮೇಲೆ ಮೂರು ಚುಕ್ಕಿ ಕಡಿಮೆ ಮಾಡಿಸಿದಳು, ಹೊಟ್ಟೆಗೆ ಎರಡು ಸೇರಿಸಿದಳು.

ಇಷ್ಟಕ್ಕೇ ಬಿಡಲಿಲ್ಲ. ಬಾಗಿಲು ತೆರೆಯಲು ನಾನು ನಾಲ್ಕು ತಿಂಗಳು ಕೂತು ಒಂದು ಅಮೋಘ ಒಗಟು ಕಟ್ಟಿದ್ದೆ. ಛತ್ರಿಯ ಕಡ್ಡಿ ಮುರಿದು, ಅದಕ್ಕೆ ದಾರ ಕಟ್ಟಿ, ದಾರದ ತುದಿಗೆ ಅಯಸ್ಕಾಂತ ಸಿಕ್ಕಿಸಿ, ಚರಂಡಿಯಿಂದ ಬೀಗದ ಕೈ ಎತ್ತಿ, ಅದಕ್ಕೆ ಎಣ್ಣೆ ಸವರಿ, ಅಧಿಕಾರಿಣಿ ಸೀನುವಾಗ ತಿರುಗಿಸಬೇಕು. ಅವಳು ಎಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದಳು: ಅವನು ಅವಳನ್ನೇ ಯಾಕೆ ಕೇಳಲ್ಲ? ಹದಿನೇಳರ ಕೊನೆಯ ಮಾತು ಹಾಗೆ ಹುಟ್ಟಿತು. ಒಳಗೆ ಬರಬಹುದಾ ಎಂದು ನಾಯಕ ಕೇಳಿದರೆ ಅವಳು ಅನ್ನುತ್ತಾಳೆ, "ಮೂವತ್ತು ವರ್ಷದಿಂದ ಅದನ್ನೇ ಕಾಯ್ತಾ ಇದ್ದೆ. ಬಾ." ನನ್ನ ಛತ್ರಿ, ದಾರ, ಅಯಸ್ಕಾಂತ, ನಾಲ್ಕು ತಿಂಗಳು, ಎಲ್ಲ ಹಾಗೆಯೇ ಉಳಿದವು. ಆಟಗಾರ ಬೇಕಾದರೆ ಎತ್ತಿಕೊಂಡು ತಿರುಗಬಹುದು, ಉಪಯೋಗವಿಲ್ಲ.

ಹೇಳಿದ ದಿನವೇ ಗೇಮ್ ಹೊರಗೆ ಬಂತು. ಹಿಂದಿನ ದಿನ ಹೆಂಡತಿ ತರಬೇತಿಗೆ ಹೊರಟು ಹೋಗಿದ್ದಳು. ಬಳಗದವರು ಮೂವತ್ತು ವರ್ಷ ಎಲ್ಲ ಸಾಮಾನನ್ನೂ ಬಳಸಿ ನೋಡಿ ಯಾರೂ ಕೇಳಿ ನೋಡಿರಲಿಲ್ಲವಲ್ಲ ಎಂದು ಕಣ್ಣೀರು ಹಾಕಿದರು. ಆ ಒಂದು ಮಾತಿಗೆ ನಾಲ್ಕು ಸಾವಿರ ಚುಕ್ಕಿ ಸಾರ್ಥಕ ಎಂದರು. (ಚುಕ್ಕಿ ನನ್ನವು.) ಈಜು ಕಲಿಸುವವರಿಂದ ಪತ್ರ ಬಂತು, ಲಕೋಟೆಯ ಮೇಲೆ ನನ್ನ ಹೆಂಡತಿಯ ಹೆಸರಿತ್ತು. ನಾಲ್ಕನೇ ಭಾಗ ಮಾಡುವುದಾದರೆ ಅನುಮತಿ ಅವಳಿಗೆ, ಕೇಳುವುದೇ ಬೇಡವಂತೆ.

ನನಗೆ ಬಂದದ್ದು ದೋಷಗಳ ದೂರು. ಗೇಮ್ ಎಲ್ಲಾದರೂ ಕೆಟ್ಟರೆ ಆಡುವವರು ದೂರು ಬರೆಯುತ್ತಾರೆ, ಮಾಡಿದವನು ಸರಿಪಡಿಸಬೇಕು. ಇದು ಈ ಕಸುಬಿನ ನಿಯಮ. ಮೊದಲ ವಾರದಲ್ಲಿ ನೂರ ಹನ್ನೆರಡು ದೂರು. ನೂರ ಹನ್ನೆರಡೂ ಒಂದೇ ವಿಷಯದ ಮೇಲೆ. ಕುರ್ಚಿಯಲ್ಲಿ ಕೂತವನು ಏಳುತ್ತಿಲ್ಲ. ಬಂದೆ ಅಂದವನು ಬರುತ್ತಿಲ್ಲ, ನಲವತ್ತು ನಿಮಿಷ ಕಾದೆ. ಏನು ಕೊಟ್ಟರೂ ಅಲ್ಲಿಡು ಎನ್ನುತ್ತಾನೆ, ಪ್ರೋಗ್ರಾಂ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಇಷ್ಟು ಚೆಂದದ ಅಧಿಕಾರಿಣಿಯ ಪಕ್ಕದಲ್ಲಿ ಈ ಆಸಾಮಿ ಯಾಕೆ, ತೆಗೆದುಹಾಕಿದರೆ ಗೇಮ್ ಇನ್ನಷ್ಟು ಚುರುಕಾಗಿ ಓಡುತ್ತದೆ ಎಂದು ಒಬ್ಬ ಸಲಹೆಯನ್ನೂ ಕೊಟ್ಟಿದ್ದ.

ಸುಳ್ಳು ಹೇಳುವವನಲ್ಲ ನಾನು. ಕೂತು ಒಬ್ಬೊಬ್ಬರಿಗೂ ಬರೆದೆ: ಸ್ವಾಮಿ, ಇದು ದೋಷವಲ್ಲ, ಅವನು ಇರುವುದೇ ಹಾಗೆ. ನೂರ ಹನ್ನೆರಡು ಸಲ ಬರೆದೆ. ಎಪ್ಪತ್ತನೆಯದರ ಹೊತ್ತಿಗೆ ಓದಲು ಕಷ್ಟವಾಗತೊಡಗಿತ್ತು. ಕಣ್ಣಿನ ದೋಷ ಅಂತ ಇಟ್ಟುಕೊಳ್ಳಿ.

ನೂರ ಹದಿಮೂರನೆಯದು ತರಬೇತಿಯ ಊರಿನಿಂದ ಬಂತು. ದೂರಲ್ಲ. ಇಲಾಖೆಯ ಧಾಟಿಯಲ್ಲಿ, ನೇರ ಅಕ್ಷರದಲ್ಲಿ ಮೂರು ಸಾಲು. ಕುರ್ಚಿಯಲ್ಲಿ ಕೂತವನನ್ನು ದಿನಾಂಕ ಹಾಕಿ ತಪಾಸಣೆ ಮಾಡಲಾಗಿದೆ; ಮೂಲಕ್ಕೂ ಇದಕ್ಕೂ ಒಂದು ಚುಕ್ಕಿಯಷ್ಟೂ ವ್ಯತ್ಯಾಸ ಕಂಡುಬಂದಿಲ್ಲ, ಆದ್ದರಿಂದ ಮುದ್ರೆ ಒತ್ತಲಾಗಿದೆ. ಮುದ್ರೆ ಒಂದು ವರ್ಷಕ್ಕೆ ಮಾತ್ರ ಊರ್ಜಿತ. ಅಷ್ಟರೊಳಗೆ ಮೂಲವನ್ನು ಸರಿಪಡಿಸಿ ಮರುತಪಾಸಣೆಗೆ ಹಾಜರುಪಡಿಸತಕ್ಕದ್ದು.